ಆಟದ ನಕ್ಷೆಯಲ್ಲಿ ನದಿಗಳು ಕಡಲನ್ನು ಸೇರುತ್ತಿಲ್ಲ, ಏನು ಮಾಡಬಹುದು?

ಪ್ರಶ್ನೆ: ಬೈಲೂರಿನವ, ಉಡುಪಿ

ನಮಸ್ಕಾರ. ನಾವು ನಾಲ್ವರು ಗೆಳೆಯರು ಸೇರಿ ಬ್ರೌಸರ್‌ನಲ್ಲಿ ಆಡುವ ಆನ್‌ಲೈನ್ ಆಟವೊಂದನ್ನು ಕಟ್ಟುತ್ತಿದ್ದೇವೆ. ಬಂದರಿನಲ್ಲಿ ದೋಣಿಗೆ ಸರಕು ತುಂಬಿ, ನದಿಯುದ್ದಕ್ಕೂ ಮೇಲೇರಿ, ಘಟ್ಟದ ಬುಡದ ಪೇಟೆಗಳಿಗೆ ಮುಟ್ಟಿಸುವುದೇ ಆಟ. ಪ್ರತಿ ಸುತ್ತಿಗೂ ಹೊಸ ನಕ್ಷೆ ಬೇಕಾಗುವುದರಿಂದ ಅದನ್ನು ತಯಾರಿಸುವ ಸಣ್ಣ ಟೂಲ್ ಒಂದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿದ್ದೇನೆ. 512×512 ಚೌಕಗಳಿಗೆ ಪರ್ಲಿನ್ ನಾಯ್ಸ್‌ನ (ನಯವಾಗಿ ಏರಿಳಿಯುವ ಯಾದೃಚ್ಛಿಕ ಸಂಖ್ಯೆಗಳ) ಐದು ಪದರಗಳನ್ನು ಕೂಡಿಸಿ ಎತ್ತರ ಕೊಡುತ್ತೇನೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ ಬರುವಂತೆ ಇಳಿಜಾರನ್ನೂ ಸೇರಿಸಿದ್ದೇನೆ. ಎತ್ತರ 0.4ಕ್ಕಿಂತ ಕಡಿಮೆ ಇರುವ ಚೌಕವೆಲ್ಲ ಕಡಲು.

ತೊಡಕು ಇರುವುದು ನದಿಯಲ್ಲಿ. ಎತ್ತರದ ಚೌಕವೊಂದರಿಂದ ಹೊರಟು ಪ್ರತಿ ಹೆಜ್ಜೆಗೂ ಅತ್ಯಂತ ತಗ್ಗಿನ ನೆರೆಚೌಕಕ್ಕೆ ಇಳಿಯುತ್ತಾ ಹೋದರೆ, ಹೆಚ್ಚಿನ ನದಿಗಳು ಹತ್ತಿಪ್ಪತ್ತು ಚೌಕ ಹರಿದು ಯಾವುದೋ ಹೊಂಡದಲ್ಲಿ ನಿಂತುಬಿಡುತ್ತವೆ. ಅದರೊಂದಿಗೆ ಇನ್ನೊಂದು ಸಮಸ್ಯೆಯೂ ಇದೆ: ಒಂದೇ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಶುರುಮಾಡುವ ಮೂಲ ಸಂಖ್ಯೆ) ಕೊಟ್ಟರೂ ಸರ್ವರ್‌ನಲ್ಲಿ ಬರುವ ನಕ್ಷೆಗೂ ಆಟಗಾರರ ಬ್ರೌಸರ್‌ನಲ್ಲಿ ಬರುವ ನಕ್ಷೆಗೂ ಹೊಂದಿಕೆಯಾಗುತ್ತಿಲ್ಲ. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1: ಪದವಿನಂಗಡಿ, ಮಂಗಳೂರು

ಕೆನ್ ಪರ್ಲಿನ್ ಅವರು 1985ರಲ್ಲಿ ಪ್ರಕಟಿಸಿದ ಆ ವಿಧಾನವು ಅಮೃತಶಿಲೆ, ಮೋಡಗಳಂಥ ಮೇಲ್ಮೈಗಳನ್ನು ಚಿತ್ರಿಸಲು ಬಂದದ್ದು. ನೀರು ಎತ್ತ ಹರಿಯಬೇಕೆಂಬ ವಿಚಾರ ಅದರಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಹೊಂಡಗಳು ಬಂದೇ ಬರುತ್ತವೆ, ಅವುಗಳನ್ನು ಒಂದೊಂದಾಗಿ ಮುಚ್ಚಲು ಹೋಗಬೇಡಿ. ನದಿಯನ್ನು ಘಟ್ಟದಿಂದ ಇಳಿಸುವ ಬದಲು ಕಡಲಿನಿಂದ ಮೇಲಕ್ಕೆ ಹತ್ತಿಸಿ.

ಕಡಲಿನ ಚೌಕಗಳನ್ನೆಲ್ಲ ಒಂದು ಪ್ರಯಾರಿಟಿ ಕ್ಯೂಗೆ (ಅತಿ ತಗ್ಗಿನದ್ದನ್ನೇ ಮೊದಲು ಹೊರಗೆ ಕೊಡುವ ಸರದಿ ಸಾಲಿಗೆ) ಹಾಕಿ, ಅತ್ಯಂತ ತಗ್ಗಿನದ್ದನ್ನು ಹೊರತೆಗೆಯಿರಿ. ಅದರ ಪಕ್ಕದಲ್ಲಿ ಇನ್ನೂ ಮುಟ್ಟದ ಚೌಕ ಯಾವುದಿದೆಯೋ ಅದಕ್ಕೆ ‘ನಿನ್ನ ನೀರು ಇತ್ತ ಹರಿಯಲಿ’ ಎಂದು ಗುರುತು ಬರೆದು, ಅದನ್ನೂ ಕ್ಯೂಗೆ ಸೇರಿಸಿ. ಅದರ ಎತ್ತರ ಹೊರತೆಗೆದ ಚೌಕಕ್ಕಿಂತ ಕಡಿಮೆಯಿದ್ದರೆ ಅಷ್ಟಕ್ಕೇ ಏರಿಸಿ. ಕ್ಯೂ ಬರಿದಾಗುವಷ್ಟರಲ್ಲಿ ನೆಲದ ಪ್ರತಿಯೊಂದು ಚೌಕಕ್ಕೂ ಕಡಲಿನ ದಾರಿ ಸಿಕ್ಕಿರುತ್ತದೆ. ಅನಂತರ, ಹೊರತೆಗೆದ ಕ್ರಮವನ್ನೇ ಹಿಂದುಮುಂದು ಮಾಡಿ, ಪ್ರತಿ ಚೌಕವೂ ತನ್ನ ಒಂದು ಪಾಲು ನೀರನ್ನು ಮೇಲಿನಿಂದ ಬಂದ ನೀರಿನೊಡನೆ ಕೆಳಗಿನ ಚೌಕಕ್ಕೆ ದಾಟಿಸಲಿ. ನಾನೂರು ಪಾಲು ಮೀರಿದಲ್ಲೆಲ್ಲ ನದಿ ಬರೆಯಿರಿ. ಉಪನದಿಗಳು ಕೂಡುವುದು, ಕೆಳಗೆ ಬಂದಂತೆ ಹೊಳೆ ಅಗಲವಾಗುವುದು, ಇವೆಲ್ಲ ಬೇರೆ ಕೋಡ್ ಇಲ್ಲದೆ ತಾವಾಗಿಯೇ ಒದಗುತ್ತವೆ.

ಒಂದು ಎಚ್ಚರಿಕೆ ಅಗತ್ಯ. ಒಳನಾಡಿನಲ್ಲಿ 0.4ಕ್ಕಿಂತ ತಗ್ಗಾಗಿರುವ ಚೌಕಗಳನ್ನೂ ಕಡಲೆಂದು ಎಣಿಸಿದರೆ ನಿಮ್ಮ ನದಿಗಳು ಮತ್ತೆ ಅಲ್ಲಿಯೇ ಮುಗಿಯುತ್ತವೆ. ನಕ್ಷೆಯ ಪಶ್ಚಿಮದ ಅಂಚಿನಿಂದ ನೀರಿನ ಮೇಲೆಯೇ ಸಾಗಿ ತಲುಪಬಹುದಾದ ಚೌಕ ಮಾತ್ರ ಕಡಲು.

ಉತ್ತರ 2: ದಕ್ಕೆಯ ಬಳಿಯವ, ಮಂಗಳೂರು

ಮೇಲಿನ ವಿಧಾನ ಸರಿಯಾದದ್ದೇ, ಆದರೆ ಅದು ಕೊಡುವ ನದಿಗಳು ನೇರವಾಗಿ ಬಂದು ಕಡಲಿಗೆ ಬೀಳುತ್ತವೆ. ನಮ್ಮ ಕರಾವಳಿ ಹಾಗಿಲ್ಲ. ಗುರುಪುರ ನದಿಯು ಕಡಲ ಹತ್ತಿರಕ್ಕೆ ಬಂದ ಮೇಲೆ ದಕ್ಷಿಣಕ್ಕೆ ತಿರುಗಿ, ತಣ್ಣೀರುಬಾವಿ–ಬೆಂಗ್ರೆಯ ಮರಳು ಪಟ್ಟಿಯ ಹಿಂದೆ ಹರಿದು, ನೇತ್ರಾವತಿಯೊಡನೆ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತದೆ. ಸ್ವರ್ಣಾ ನದಿಯಾದರೋ ಕೆಮ್ಮಣ್ಣಿನ ಕುದ್ರುಗಳ (ನದಿಯೊಳಗಿನ ದ್ವೀಪಗಳ) ನಡುವೆ ಹಾದು ಉತ್ತರಕ್ಕೆ ತಿರುಗಿ, ಕೋಡಿ ಬೆಂಗ್ರೆಯ ಬಳಿ ಸೀತಾ ನದಿಯೊಡನೆ ಕೂಡುತ್ತದೆ. ಕೋಡಿ ಬೆಂಗ್ರೆಯ ರಸ್ತೆಯಲ್ಲಿ ನಿಂತರೆ ಒಂದು ಪಕ್ಕದಲ್ಲಿ ತೆರೆಯ ಸದ್ದು, ಇನ್ನೊಂದು ಪಕ್ಕದಲ್ಲಿ ಅಲುಗದ ಹೊಳೆಯ ನೀರು.

ನಕ್ಷೆಯಲ್ಲಿ ಇದನ್ನು ತರುವುದು ಕಷ್ಟವಲ್ಲ. ದೊಡ್ಡ ನದಿಯ ಬಾಯಿಯೆದುರು, ದಡದಿಂದ ನದಿಯ ಅಗಲದಷ್ಟು ದೂರ ಬಿಟ್ಟು, ದಡಕ್ಕೆ ಸಮಾನಾಂತರವಾಗಿ ಎರಡು ಚೌಕ ಅಗಲದ, ಮೂವತ್ತು–ನಲವತ್ತು ಚೌಕ ಉದ್ದದ ಮರಳಿನ ಪಟ್ಟಿ ಎಳೆದು, ಒಂದು ತುದಿಯನ್ನು ನೆಲಕ್ಕೆ ಸೇರಿಸಿ, ಇನ್ನೊಂದನ್ನು ತೆರೆದಿಡಿ. ಯಾವ ತುದಿ ತೆರೆದಿರಬೇಕೆಂಬುದನ್ನು ಸೀಡ್ ನಿರ್ಧರಿಸಲಿ. ಎರಡು ನದಿಗಳಿಗೆ ಒಂದೇ ಅಳಿವೆ ಆದಾಗ ನಿಮ್ಮ ಆಟಕ್ಕೆ ನಿಜವಾದ ಬಿಗುವು ಬರುತ್ತದೆಂದು ನನ್ನ ಎಣಿಕೆ, ಏಕೆಂದರೆ ಎರಡು ಕಣಿವೆಗಳ ಸರಕೂ ಆ ಒಂದು ಬಾಗಿಲಿನಿಂದಲೇ ಹಾಯಬೇಕು.

ಉತ್ತರ 3: ಮಣಿಪಾಲದ ವಿದ್ಯಾರ್ಥಿನಿ

ಸೀಡ್ ಬಗ್ಗೆ: ಜಾವಾಸ್ಕ್ರಿಪ್ಟ್‌ನಲ್ಲಿ ಯಾದೃಚ್ಛಿಕ ಸಂಖ್ಯೆ ಕೊಡುವ ಮ್ಯಾಥ್.ರ‍್ಯಾಂಡಮ್‌ಗೆ ಸೀಡ್ ಕೊಡಲು ಬರುವುದಿಲ್ಲ. 32 ಬಿಟ್ ಪೂರ್ಣಾಂಕಗಳನ್ನು ಮಾತ್ರ ಬಳಸುವ, ಅಂಥ ಸಂಖ್ಯೆಗಳನ್ನು ಕೊಡುವ ಚಿಕ್ಕ ಜನರೇಟರ್ ಒಂದನ್ನು ನೀವೇ ಬರೆದುಕೊಳ್ಳಿ. ಮ್ಯಾಥ್.ಸೈನ್‌ನಂಥವನ್ನೂ ಬಿಡಿ, ಅವುಗಳ ಕೊನೆಯ ಅಂಕಿ ಎಲ್ಲ ಬ್ರೌಸರ್‌ಗಳಲ್ಲೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಇನ್ನು, ಕ್ಯೂನಲ್ಲಿ ಎರಡು ಚೌಕಗಳ ಎತ್ತರ ಸಮವಾದಾಗ ಯಾವುದು ಮೊದಲು ಎಂಬುದನ್ನು ಚೌಕದ ಕ್ರಮಸಂಖ್ಯೆಯಿಂದ ತೀರ್ಮಾನಿಸಿ, ಇಲ್ಲವಾದರೆ ನದಿಯ ಹಾದಿಯೇ ಬದಲಾಗುತ್ತದೆ. ಇಷ್ಟಾದರೂ ಸರಿಹೋಗದಿದ್ದರೆ ನಕ್ಷೆಯನ್ನು ಸರ್ವರ್‌ನಿಂದಲೇ ಕಳುಹಿಸಿಬಿಡಿ. ಚೌಕಕ್ಕೆ ಒಂದು ಬೈಟ್‌ನಂತೆ 256 ಕಿಲೋಬೈಟ್, ಸಂಕುಚಿಸಿದರೆ ಇನ್ನೂ ಕಡಿಮೆ.

ಮರುಉತ್ತರ: ಬೈಲೂರಿನವ, ಉಡುಪಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನದಿಯನ್ನು ಕಡಲಿನಿಂದ ಹತ್ತಿಸಿದ ಮೇಲೆ ಒಂದೂ ಹೊಂಡದಲ್ಲಿ ನಿಂತಿಲ್ಲ, ಸೀಡ್ ಕೂಡ ಎರಡೂ ಕಡೆ ಹೊಂದಿಕೊಂಡಿದೆ. ಆದರೂ ಕೆಲವು ದೋಣಿಗಳು ನಡುಹೊಳೆಯಲ್ಲಿ ಸಿಕ್ಕಿಬೀಳುತ್ತಿದ್ದವು. ನೋಡಿದರೆ, ನೀರು ಎಂಟೂ ದಿಕ್ಕಿಗೆ ಹರಿಯುತ್ತಿತ್ತು, ದೋಣಿ ನಾಲ್ಕೇ ದಿಕ್ಕಿಗೆ ಚಲಿಸುತ್ತಿತ್ತು. ಮೂಲೆಯಿಂದ ಮೂಲೆಗೆ ತಾಗಿದ ಎರಡು ಚೌಕಗಳ ನಡುವೆ ಅದಕ್ಕೆ ದಾರಿಯೇ ಇರಲಿಲ್ಲ. ಅಂಥ ಕಡೆ ಪಕ್ಕದ ಒಂದು ಚೌಕವನ್ನೂ ನದಿಯಾಗಿಸಿದೆ. ಇಂದು ರಾತ್ರಿ ಮರಳಿನ ಪಟ್ಟಿಯ ಕೋಡ್ ಬರೆಯಲು ಕೂರುತ್ತಿದ್ದೇನೆ.