ನೌಕೆಗೆ ತೂತು ಬಿದ್ದರೆ ಗಾಳಿ ಎಷ್ಟು ಹೊತ್ತು ಉಳಿಯುತ್ತದೆ? (ಹದಿಹರೆಯದವರ ಹಾರರ್ ಕಾದಂಬರಿಗೆ)

ಕಕ್ಷೆ_ಕಥೆ:
14ರಿಂದ 17 ವಯಸ್ಸಿನ ಓದುಗರಿಗೆ ಬಾಹ್ಯಾಕಾಶದ ಹಾರರ್ ಬರೆಯುತ್ತಿದ್ದೇನೆ. ನೌಕೆಯಲ್ಲಿ ಉಳಿದಿರುವುದು ನಾಲ್ಕೇ ಮಕ್ಕಳು, ದೊಡ್ಡವರು ಯಾರೂ ಇಲ್ಲ. ಗಾಳಿ ತುಂಬಿದ ಜಾಗ 100 ಘನ ಮೀಟರ್. ಗೋಡೆಗೆ ತೂತು ಬೀಳುತ್ತದೆ. ದೇಹ ಸಿಡಿಯುವ, ರಕ್ತ ಚಿಮ್ಮುವ ದೃಶ್ಯ ಬೇಡ. ತೂತು ಎಷ್ಟು ದೊಡ್ಡದಿರಬೇಕು? ಭಯ ಎಲ್ಲಿಂದ ಹುಟ್ಟಬೇಕು?

ಗುರುತ್ವ:
1 ಸೆಂ.ಮೀ. ವ್ಯಾಸ ಇಟ್ಟುಕೊಳ್ಳಿ. ನಿಮ್ಮ 100 ಘನ ಮೀಟರಿಗೆ ಒತ್ತಡ ಅರ್ಧಕ್ಕೆ ಇಳಿಯಲು ಒಂದೂಕಾಲರಿಂದ ಎರಡು ಗಂಟೆ ಬೇಕು. ವ್ಯಾಸ ಹತ್ತು ಪಟ್ಟಾದರೆ ಗಾಳಿ ಸೋರುವ ವೇಗ ನೂರು ಪಟ್ಟು. ಅಂದರೆ 10 ಸೆಂ.ಮೀ. ತೂತಿಗೆ ಸುಮಾರು ಒಂದು ನಿಮಿಷ, ಕಥೆ ಅಲ್ಲೇ ಮುಗಿಯಿತು. 2 ಮಿ.ಮೀ. ಆದರೆ ಒಂದು ದಿನ ದಾಟುತ್ತದೆ. 2018ರ ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ್ದ ರಷ್ಯಾದ ನೌಕೆ ಸೊಯುಜ್ ಎಂಎಸ್-09ರಲ್ಲಿ ಅಷ್ಟೇ ಸಣ್ಣ ತೂತು ಸಿಕ್ಕಿತ್ತು. ಮಲಗಿದ್ದವರನ್ನು ಬೆಳಗಿನವರೆಗೆ ಎಬ್ಬಿಸಲೂ ಇಲ್ಲ. ಆಮೇಲೆ ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟು ಹಾಕಿ ಮುಚ್ಚಿದರು.

ಅರ್ಧ ಒತ್ತಡ ಅಂದರೆ 5,500 ಮೀಟರ್ ಎತ್ತರದ ಗಾಳಿ. ಭಯ ಇರುವುದು ಇಲ್ಲಿ. ಆಮ್ಲಜನಕ ಕಮ್ಮಿಯಾದಾಗ ಉಸಿರು ಕಟ್ಟಿದಂತೆ ಅನಿಸಲೇಬೇಕೆಂದಿಲ್ಲ, ಎಷ್ಟೋ ಸಲ ಖುಷಿ, ಅತಿಯಾದ ಧೈರ್ಯವೇ ಮೊದಲು ಬರುತ್ತದೆ. ಉಗುರು ನೀಲಿಯಾಗುತ್ತದೆ, ಬಣ್ಣಗಳು ಮಾಸುತ್ತವೆ. ಹುಡುಗಿ ಒತ್ತಡ ತೋರಿಸುವ ಗೇಜ್ ನೋಡುತ್ತಾಳೆ, ಅಂಕಿ ಓದುತ್ತಾಳೆ, ಆದರೆ ಅದು ಅಪಾಯ ಅಂತ ತಲೆಗೆ ಹೋಗುವುದಿಲ್ಲ. ಕಥೆಯನ್ನು ಅವಳೇ ಹೇಳುತ್ತಿದ್ದರೆ ವಾಕ್ಯಗಳೇ ಕೆಡುತ್ತಾ ಹೋಗಲಿ. ಓದುಗರಿಗೆ ಗೊತ್ತಾಗಬೇಕು, ಅವಳಿಗಲ್ಲ.

ಒಂದು ಎಚ್ಚರಿಕೆ: ಟ್ಯಾಂಕಿನಿಂದ ಆಮ್ಲಜನಕ ತಾನಾಗಿ ಬಂದು ಸೇರುತ್ತಿದ್ದರೆ ಇದ್ಯಾವುದೂ ಆಗದು. ಆ ವಾಲ್ವ್ ಕೆಟ್ಟಿದೆ ಅಂತ ಮೊದಲೇ ತೋರಿಸಿಬಿಡಿ.

ನಭ:
ತೂತಿಗಿಂತ ಹ್ಯಾಚ್, ಅಂದರೆ ಘಟಕಗಳ ನಡುವಿನ ಬಾಗಿಲು, ಹೆಚ್ಚು ಹೆದರಿಸುತ್ತದೆ. 1997ರ ಜೂನ್ 25ರಂದು ಸರಕು ನೌಕೆಯೊಂದು ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣದ ಸ್ಪೆಕ್ಟರ್ ಘಟಕಕ್ಕೆ ಗುದ್ದಿತು. ಗಾಳಿ ಸೋರುತ್ತಿತ್ತು, ಆದರೆ ಬಾಗಿಲು ಮುಚ್ಚುವಂತಿರಲಿಲ್ಲ: ಹ್ಯಾಚ್ ಮೂಲಕ ಕೇಬಲ್‌ಗಳು ಹಾದುಹೋಗಿದ್ದವು. ಒಂದೊಂದನ್ನೇ ಬಿಚ್ಚಿ, ಬಿಚ್ಚಲಾಗದ್ದನ್ನು ಕತ್ತರಿಸಿ, ಆಮೇಲೆ ಮುಚ್ಚಳ ಕೂರಿಸಿದರು. ಆ ಕೇಬಲ್‌ಗಳಲ್ಲೇ ಸೌರಫಲಕದ ವಿದ್ಯುತ್ ಬರುತ್ತಿತ್ತು, ನಿಲ್ದಾಣ ಕತ್ತಲಾಯಿತು.

ನಿಮ್ಮ ಮಕ್ಕಳೂ ಅದನ್ನೇ ಮಾಡಲಿ. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ. ನೌಕೆಯಲ್ಲಿ ಸದಾ ಗುಂಯ್ ಅನ್ನುವ ಸದ್ದು ನಿಂತುಹೋಗುವುದೇ ಕೆಟ್ಟ ಸೂಚನೆ. ತೂಕವಿಲ್ಲದ ಕಡೆ ಬಿಸಿ ಗಾಳಿ ಮೇಲೇಳುವುದಿಲ್ಲ, ಬಿಟ್ಟ ಉಸಿರು ಮುಖದ ಮುಂದೆಯೇ ನಿಲ್ಲುತ್ತದೆ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಮಲಗಿದವನು ತಲೆ ಸಿಡಿಯುವ ನೋವಿನಿಂದ, ಏದುಸಿರು ಬಿಡುತ್ತಾ ಎಚ್ಚರಗೊಳ್ಳುತ್ತಾನೆ. ಕೈಯಲ್ಲಿ ಬೀಸಿಕೊಂಡರೆ ಕೊಂಚ ಸರಿಹೋಗುತ್ತದೆ. ಹಾಗಾಗಿ ಸರದಿಯ ಮೇಲೆ ಒಬ್ಬರು ಎದ್ದಿದ್ದು ಉಳಿದ ಮೂವರಿಗೆ ಗಾಳಿ ಬೀಸಬೇಕು. ಬೀಸುವವಳಿಗೇ ನಿದ್ದೆ ಬಂದರೆ?

ಕಕ್ಷೆ_ಕಥೆ:
ಇಬ್ಬರಿಗೂ ಧನ್ಯವಾದ, ಬೀಸುವ ದೃಶ್ಯ ಖಂಡಿತ ಬರೆಯುತ್ತೇನೆ. ಒಬ್ಬ ಹುಡುಗ ಸೂಟ್ ಹಾಕಿಕೊಂಡು ಹೊರಗೆ ಹೋಗುತ್ತಾನೆ. ಅವನಿಗೆ ಏನು ತೊಂದರೆ ಕೊಡಲಿ?

ನಭ:
ಹೆಲ್ಮೆಟ್ಟಿನೊಳಗೆ ನೀರು. 2013ರ ಜುಲೈನಲ್ಲಿ ಇಟಲಿಯ ಗಗನಯಾತ್ರಿ ಲುಕಾ ಪರ್ಮಿಟಾನೊಗೆ ಆದದ್ದು ಅದು, ಸೂಟ್ ತಂಪಾಗಿಡುವ ವ್ಯವಸ್ಥೆಯಿಂದ ಸೋರಿ ಒಂದು ಲೀಟರಿಗೂ ಹೆಚ್ಚು ನೀರು ಸೇರಿತ್ತು. ಅಲ್ಲಿ ನೀರು ಕೆಳಗಿಳಿಯುವುದಿಲ್ಲ, ಚರ್ಮಕ್ಕೆ ಅಂಟಿ ಕಣ್ಣು, ಕಿವಿ, ಮೂಗಿಗೆ ಹರಡುತ್ತದೆ. ಒರೆಸಿಕೊಳ್ಳಲು ಕೈ ಒಳಗೆ ಹೋಗದು. ಅವರು ಸುರಕ್ಷತಾ ಕೇಬಲ್ಲಿನ ಎಳೆತದಿಂದಲೇ ದಿಕ್ಕು ತಿಳಿದು ಏರ್‌ಲಾಕ್ (ಒಳಹೋಗುವ ಎರಡು ಬಾಗಿಲಿನ ಕೋಣೆ) ಸೇರಿದರು.

ಗುರುತ್ವ:
ಸೂಟೇ ಇಲ್ಲದೆ ನಿರ್ವಾತಕ್ಕೆ ಸಿಕ್ಕಿದರೆ, ಕೂಡಲೇ ಹೆಪ್ಪುಗಟ್ಟುವುದು ಸುಳ್ಳು. ಉಸಿರು ಬಿಗಿಹಿಡಿದರೆ ಶ್ವಾಸಕೋಶ ಹರಿಯುತ್ತದೆ, ಬಾಯಿ ತೆರೆದು ಉಸಿರು ಬಿಟ್ಟುಬಿಡಬೇಕು. 1966ರಲ್ಲಿ ಹ್ಯೂಸ್ಟನ್ನಿನ ನಿರ್ವಾತ ಕೋಣೆಯಲ್ಲಿ ಸೂಟಿನ ಕೊಳವೆ ಕಳಚಿದಾಗ ಒಳಗಿದ್ದವರಿಗೆ ಸುಮಾರು 14 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಿತು. ನಾಲಿಗೆಯ ಮೇಲಿನ ಎಂಜಲು ಗುಳ್ಳೆಯೇಳುತ್ತಿದ್ದುದೇ ಅವರಿಗೆ ಕೊನೆಗೆ ನೆನಪಿದ್ದದ್ದು. ಗಾಳಿ ತುಂಬಿದ ಮೇಲೆ ಚೇತರಿಸಿಕೊಂಡರು. ಆದ್ದರಿಂದ ನಿಮ್ಮ ಪಾತ್ರಕ್ಕೆ 10 ಸೆಕೆಂಡು ಕೊಡಿ, ಅಷ್ಟರಲ್ಲಿ ಒಂದು ಲಿವರ್ ಎಳೆಯಬಹುದು. ಎರಡನೆಯ ಕೆಲಸ ಇಡಬೇಡಿ.