ಯುದ್ಧವನ್ನು ತೋರಿಸುತ್ತಲೇ ಅದನ್ನು ವಿರೋಧಿಸಲು ಸಾಧ್ಯವೇ?

ಪ್ರಶ್ನೆ:
ಯುದ್ಧವಿರೋಧಿ ಎಂದು ಹೆಸರಾದ ಎಷ್ಟೋ ಚಿತ್ರಗಳಲ್ಲಿಯೂ ಕಾಳಗ ಶುರುವಾದೊಡನೆ ನೋಡುಗರ ಮೈ ನವಿರೇಳುತ್ತದೆ. ಸಂಗೀತ, ಛಾಯಾಗ್ರಹಣ ಎಲ್ಲವೂ ಸೇರಿ ಯುದ್ಧವನ್ನು ಒಂದು ಸಾಹಸವನ್ನಾಗಿ ಮಾಡಿಬಿಡುತ್ತವೆ. ಹೀಗಿರುವಾಗ ಕೆಲವು ಹಳೆಯ ಚಿತ್ರಗಳು ಇಂದಿಗೂ ನಮ್ಮನ್ನು ಕಲಕುವುದು ಯಾವ ಕಾರಣದಿಂದ?

ಉತ್ತರ 1:
ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ ‘ಪಾತ್ಸ್ ಆಫ್ ಗ್ಲೋರಿ’ (1957) ಚಿತ್ರವನ್ನು ನೋಡಿ. ಮೊದಲ ಮಹಾಯುದ್ಧದ ಕಾಲದ ಫ್ರೆಂಚ್ ಸೈನ್ಯದ ಕಥೆಯಾದರೂ ದಾಳಿಯ ದೃಶ್ಯ ಬೇಗನೆ ಮುಗಿಯುತ್ತದೆ. ಚಿತ್ರದ ಜೀವವಿರುವುದು ಅದರ ನಂತರದ ವಿಚಾರಣೆಯಲ್ಲಿ. ಗೆಲ್ಲಲಾಗದ ದಾಳಿಗೆ ಆಜ್ಞಾಪಿಸಿದ ಅಧಿಕಾರಿಗಳು ತಮ್ಮ ತಪ್ಪನ್ನು ಮುಚ್ಚಿಕೊಳ್ಳಲು ಮೂವರು ಸೈನಿಕರ ಮೇಲೆ ಹೇಡಿತನದ ಆರೋಪ ಹೊರಿಸುತ್ತಾರೆ. ಅವರಲ್ಲೊಬ್ಬ ಚೀಟಿ ಎತ್ತಿ ಆರಿಸಲ್ಪಟ್ಟವನು. ತಲೆಬುರುಡೆ ಒಡೆದು ಪ್ರಜ್ಞೆ ತಪ್ಪಿರುವ ಅವನನ್ನು ಸ್ಟ್ರೆಚರ್ ಸಮೇತ ವಧಾಸ್ಥಾನಕ್ಕೆ ಹೊತ್ತು ತಂದು, ಸಾಯುವಾಗ ಎಚ್ಚರವಿರಲೆಂದು ಕೆನ್ನೆ ಚಿವುಟುತ್ತಾರೆ. ಇಲ್ಲಿ ರೋಮಾಂಚನಕ್ಕೆ ಎಡೆಯೆಲ್ಲಿದೆ? ಫ್ರಾನ್ಸಿನಲ್ಲಿ ಈ ಚಿತ್ರವು 1975ರವರೆಗೆ ತೆರೆ ಕಾಣಲಿಲ್ಲ.

ಉತ್ತರ 2:
ಮೇಲಿನ ಮಾತಿಗೆ ಪೂರಕವಾಗಿ ಜ್ಯಾನ್ ರೆನ್ವಾರ ‘ಗ್ರ್ಯಾಂಡ್ ಇಲ್ಯೂಷನ್’ (1937) ಚಿತ್ರವನ್ನೂ ಹೆಸರಿಸಬೇಕು. ಮೊದಲ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದ ಫ್ರೆಂಚ್ ಯುದ್ಧಕೈದಿಗಳ ಕಥೆಯಾದ ಇದರಲ್ಲಿ ರಣರಂಗದ ದೃಶ್ಯ ಒಂದೂ ಇಲ್ಲ. ಜರ್ಮನ್ ಸೇನಾಧಿಕಾರಿಯು ತಾನು ಗೌರವಿಸುವ ಫ್ರೆಂಚ್ ಅಧಿಕಾರಿಗೆ ಕರ್ತವ್ಯವೆಂದು ಗುಂಡು ಹೊಡೆದು, ಅವನು ತೀರಿಕೊಂಡ ಮೇಲೆ ಕೈದಿಗಳನ್ನಿಟ್ಟಿದ್ದ ಇಡೀ ಕೋಟೆಯಲ್ಲಿದ್ದ ಒಂದೇ ಒಂದು ಹೂವನ್ನು ಕತ್ತರಿಸುತ್ತಾನೆ. ವೈರವಿಲ್ಲದವರನ್ನೂ ಕೊಲ್ಲಿಸುವ ವ್ಯವಸ್ಥೆಯ ವಿಚಿತ್ರವನ್ನು ಇಷ್ಟು ಸೌಜನ್ಯದಿಂದ ಹೇಳಿದ ಚಿತ್ರ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಉತ್ತರ 3:
ಹಿಂಸೆಯನ್ನು ತೆರೆಯಿಂದ ದೂರವಿಡುವುದೊಂದೇ ದಾರಿ ಎಂಬುದನ್ನು ನಾನು ಒಪ್ಪುವುದಿಲ್ಲ. ಎಲೆಮ್ ಕ್ಲಿಮೊವ್‌ರ ‘ಕಮ್ ಅಂಡ್ ಸೀ’ (1985) ಬೆಲಾರೂಸಿನ ಹಳ್ಳಿಯೊಂದರ ಜನರನ್ನು ನಾಜಿಗಳು ಕಟ್ಟಡದೊಳಗೆ ತುಂಬಿ ಸುಡುವುದನ್ನು ನೇರವಾಗಿಯೇ ತೋರಿಸುತ್ತದೆ. ಆದರೆ ಕ್ಯಾಮೆರಾ ಮತ್ತೆ ಮತ್ತೆ ಹದಿಹರೆಯದ ನಾಯಕನ ಮುಖಕ್ಕೆ ಮರಳುವುದರಿಂದ, ಆ ಮುಖ ಸುಕ್ಕುಗಟ್ಟಿ ಮುದುಕನದಾಗುವುದನ್ನು ನೋಡುತ್ತಿರುವವರಿಗೆ ಸಾಹಸದ ಭ್ರಮೆ ಹುಟ್ಟುವುದೇ ಇಲ್ಲ.

ಉತ್ತರ 4:
ಇಂಥ ಚಿತ್ರಗಳ ಬಲವನ್ನು ಅವುಗಳ ವಿರೋಧಿಗಳೇ ಚೆನ್ನಾಗಿ ಅರಿತಿದ್ದರು. 1930ರ ಡಿಸೆಂಬರಿನಲ್ಲಿ, ಮೊದಲ ಮಹಾಯುದ್ಧದ ಜರ್ಮನ್ ಸೈನಿಕರ ಕಥೆಯಾದ ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಬರ್ಲಿನ್ನಿನಲ್ಲಿ ತೆರೆ ಕಂಡಾಗ, ನಾಜಿ ಪಕ್ಷದ ಪ್ರಚಾರದ ಮುಖ್ಯಸ್ಥ ಗೊಬೆಲ್ಸ್‌ನ ಮುಂದಾಳತ್ವದಲ್ಲಿ ನಾಜಿಗಳು ಚಿತ್ರಮಂದಿರದೊಳಗೆ ಇಲಿಗಳನ್ನು ಬಿಟ್ಟು, ದುರ್ವಾಸನೆಯ ಬಾಂಬುಗಳನ್ನೆಸೆದು ಪ್ರದರ್ಶನವನ್ನು ಕೆಡಿಸಿದರು. ಕೆಲವೇ ದಿನಗಳಲ್ಲಿ ಚಿತ್ರ ನಿಷೇಧಕ್ಕೊಳಗಾಯಿತು. ಆಗ ಅವರಿನ್ನೂ ಅಧಿಕಾರಕ್ಕೆ ಬಂದಿರಲಿಲ್ಲ ಎಂಬುದನ್ನು ಮರೆಯಬಾರದು. ಹಾಗೆಂದು ಸಿನಿಮಾ ಯುದ್ಧವನ್ನು ತಡೆಯುತ್ತದೆಂದು ನಾನು ವಾದಿಸುತ್ತಿಲ್ಲ; ರೆನ್ವಾರ ಚಿತ್ರ ಬಂದ ಎರಡೇ ವರ್ಷಗಳಲ್ಲಿ ಎರಡನೇ ಮಹಾಯುದ್ಧ ಆರಂಭವಾಯಿತು.