ಶಿವಾಜಿ ಮಗನಿಗೆ ಆಶ್ರಯ ಕೊಟ್ಟ ಚೆನ್ನಮ್ಮ ಯಾರು? ಕಿತ್ತೂರಾ, ಕೆಳದಿಯಾ?

ದಾವಣಗೆರೆ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೇ ಕ್ಲಾಸು. ಮೊನ್ನೆ ಶನಿವಾರ ಅವಳ ಶಾಲೆಯಲ್ಲಿ ರಸಪ್ರಶ್ನೆ ಸ್ಪರ್ಧೆ ಇತ್ತು. "ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕನ್ನಡ ನಾಡಿನ ರಾಣಿ ಯಾರು?" ಅಂತ ಕೇಳಿದ್ದಾರೆ. ಇವಳು ಕೆಳದಿ ಚೆನ್ನಮ್ಮ ಅಂದಿದ್ದಾಳೆ. ತಪ್ಪು ಅಂತ ಪ್ರಶ್ನೆ ಪಕ್ಕದ ತಂಡಕ್ಕೆ ಹೋಯಿತು. ಅವರು ಕಿತ್ತೂರು ಚೆನ್ನಮ್ಮ ಅಂದರು. ಹತ್ತು ಅಂಕ ಅವರಿಗೆ ಸಿಕ್ಕಿತು. ಪ್ರಶ್ನೆ ಕೇಳಿದವರ ಕೈಯಲ್ಲಿದ್ದ ಪುಸ್ತಕದಲ್ಲಿ ಹಾಗೇ ಇತ್ತಂತೆ.

ಮನೆಗೆ ಬಂದವಳು ಊಟ ಬೇಡ ಅಂತ ಮಲಗಿಬಿಟ್ಟಳು. ಅಂಕ ಹೋಗಿದ್ದಕ್ಕಲ್ಲ. "ಅಮ್ಮ, ನಾನು ಓದಿದ್ದೇ ತಪ್ಪಾ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಫೋನಲ್ಲಿ ಹುಡುಕಿದರೆ ಇನ್ನೂ ಗೊಂದಲ. ಒಂದು ವಿಡಿಯೋದಲ್ಲಿ ಹೆಸರು ಕೆಳದಿಯವಳದು, ತೋರಿಸಿದ ಚಿತ್ರ ಕಿತ್ತೂರಿನವಳದು. ಇನ್ನೊಂದು ಕಡೆ ಕಿತ್ತೂರು ಚೆನ್ನಮ್ಮ ಡಾಲ್‌ಹೌಸಿಯ ಕಾನೂನಿನ ವಿರುದ್ಧ ಹೋರಾಡಿದಳು ಅಂತ ಇದೆ. ಅದು ಸರಿನಾ? ಸೋಮವಾರ ಶಾಲೆಗೆ ಹೋಗಿ ಮಾತಾಡಬೇಕು ಅಂತಿದ್ದೀನಿ. ಅದಕ್ಕೆ ಮೊದಲು ತಿಳಿದವರು ಬಿಡಿಸಿ ಹೇಳಿ.

ಸಾಗರದ ಮೇಷ್ಟ್ರು

ನಿಮ್ಮ ಮಗಳು ಹೇಳಿದ್ದು ಸರಿ ಇದೆ ತಾಯಿ. ಮೊದಲು ಅವಳನ್ನು ಎಬ್ಬಿಸಿ ಊಟಕ್ಕೆ ಹಾಕಿ.

ನಾನು ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಕೆಳದಿ ನಮ್ಮ ತಾಲ್ಲೂಕಿನದೇ ಊರು. ರಾಜಾರಾಮ ಬಂದದ್ದು 1689ರಲ್ಲಿ. ಶಿವಾಜಿ 1680ರಲ್ಲೇ ತೀರಿಕೊಂಡಿದ್ದ. ದೊಡ್ಡ ಮಗ ಸಂಭಾಜಿಯನ್ನು ಔರಂಗಜೇಬ ಹಿಡಿಸಿ ಕೊಲ್ಲಿಸಿದ. ರಾಯಗಡಕ್ಕೆ ಮೊಘಲರ ಮುತ್ತಿಗೆ ಬಿತ್ತು. ತಮ್ಮ ರಾಜಾರಾಮ ವೇಷ ಮರೆಸಿಕೊಂಡು ತಮಿಳು ಸೀಮೆಯ ಜಿಂಜಿ ಕೋಟೆಗೆ ಹೊರಟ. ದಾರಿಯಲ್ಲಿ ಕೆಳದಿ ರಾಜ್ಯ. ಆಗ ಅಲ್ಲಿ ಆಳುತ್ತಿದ್ದವಳು ಚೆನ್ನಮ್ಮ. ಗಂಡ ಸೋಮಶೇಖರ ನಾಯಕ ಸತ್ತ ಮೇಲೆ ಸುಮಾರು 25 ವರ್ಷ ರಾಜ್ಯ ನಡೆಸಿದಳು. ರಾಜಧಾನಿ ಬಿದನೂರು, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರ.

ಆ ಹೊತ್ತಲ್ಲಿ ರಾಜಾರಾಮನನ್ನು ಒಳಗೆ ಬಿಟ್ಟುಕೊಳ್ಳುವುದು ಅಂದರೆ ಔರಂಗಜೇಬನ ಸೈನ್ಯವನ್ನು ಮನೆಗೆ ಕರೆದ ಹಾಗೆ. ಅದು ಅವಳಿಗೆ ಗೊತ್ತಿತ್ತು. ಆದರೂ ಆಶ್ರಯ ಕೊಟ್ಟಳು. ಅವನು ಸುರಕ್ಷಿತವಾಗಿ ಜಿಂಜಿ ಮುಟ್ಟಿದ. ಆಮೇಲೆ ಮೊಘಲ್ ಸೈನ್ಯ ಬಂದೇ ಬಂತು, ಯುದ್ಧವೂ ಆಯಿತು, ಕೊನೆಗೆ ಸಂಧಿಯಲ್ಲಿ ಮುಗಿಯಿತು. ಬೇಡಿ ಬಂದವನನ್ನು ಹಿಡಿದುಕೊಟ್ಟಿದ್ದರೆ ಅವಳಿಗೆ ಈ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಪಾಠ ಮಾಡುವಾಗ ಈ ಜಾಗಕ್ಕೆ ಬಂದರೆ ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತಿತ್ತು.

ಅವಳಿಗೆ ಮಕ್ಕಳಿರಲಿಲ್ಲ. ಬಸಪ್ಪ ನಾಯಕನನ್ನು ದತ್ತು ತೆಗೆದುಕೊಂಡಳು. 'ಶಿವತತ್ತ್ವ ರತ್ನಾಕರ' ಎಂಬ ದೊಡ್ಡ ಸಂಸ್ಕೃತ ಗ್ರಂಥ ಬರೆದವನು ಅವನೇ. ಇಬ್ಬರು ಚೆನ್ನಮ್ಮರೂ ಗಂಡ ಹೋದ ಮೇಲೆ ಮುಂದೆ ನಿಂತವರು, ಇಬ್ಬರ ಕಥೆಯಲ್ಲೂ ದತ್ತು ಮಗ ಇದ್ದಾನೆ. ಜನ ಗೊಂದಲ ಮಾಡಿಕೊಳ್ಳುವುದು ಇದರಿಂದಲೇ ಇರಬೇಕು. ಕಿತ್ತೂರಿನ ವಿಷಯ ಆ ಕಡೆಯವರೇ ಹೇಳಲಿ.

ಬೈಲಹೊಂಗಲದ ಮಗಳು

ಅಕ್ಕಾ, ನಾನು ಹೇಳ್ತೀನಿ. ನಮ್ಮೂರಲ್ಲೇ ಕಿತ್ತೂರು ಚೆನ್ನಮ್ಮನ ಸಮಾಧಿ ಇದೆ. ಶಾಲೆಗೆ ಹೋಗುವಾಗ ದಿನಾ ಅದರ ಮುಂದೆ ಕೈ ಮುಗಿದು ಹೋಗುತ್ತಿದ್ದೆ. ಈಗ ಮದುವೆಯಾಗಿ ಪುಣೆಯಲ್ಲಿದ್ದೀನಿ. ಊರಿಗೆ ಹೋದಾಗ ಮಗನನ್ನು ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ.

ನಮ್ಮ ಚೆನ್ನಮ್ಮನ ಕಾಲ ಬೇರೆ, ಶತ್ರು ಬೇರೆ. ಕೆಳದಿಯವಳು ಮೊಘಲರ ಎದುರು, ಇವಳು ಈಸ್ಟ್ ಇಂಡಿಯಾ ಕಂಪನಿಯ ಎದುರು. ನಡುವೆ 130 ವರ್ಷದಷ್ಟು ಅಂತರ ಇದೆ. ಇವಳು ಹುಟ್ಟಿದ ಊರು ಬೆಳಗಾವಿ ಹತ್ತಿರದ ಕಾಕತಿ. ಕಿತ್ತೂರಿನ ದೇಸಾಯಿ ಮಲ್ಲಸರ್ಜನ ಹೆಂಡತಿ. ಗಂಡ 1816ರಲ್ಲಿ ತೀರಿಕೊಂಡ. ಪಟ್ಟಕ್ಕೆ ಬಂದ ಅವನ ಮಗ ಶಿವಲಿಂಗರುದ್ರಸರ್ಜನೂ 1824ರ ಸೆಪ್ಟೆಂಬರ್‌ನಲ್ಲಿ ಹೋದ. ದತ್ತು ತೆಗೆದುಕೊಂಡಿದ್ದ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಹಾಕಿಸಿ ಕಾವಲು ಕೂರಿಸಿದ. ಗಂಡ ಇಲ್ಲ, ಮಗ ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ, ಅಂಥ ಮನೆಗೆ ಬಂದು ಬೀಗ ಹಾಕುತ್ತಾರೆ ಅಂದರೆ ಹೊಟ್ಟೆ ಉರಿಯೋದಿಲ್ವಾ?

1824ರ ಅಕ್ಟೋಬರ್ 23. ಥ್ಯಾಕರೆ ತೋಪು ತಂದು ಕೋಟೆಯ ಮುಂದೆ ನಿಂತ. ಬಾಗಿಲು ತೆರೆಯಿತು, ಕಿತ್ತೂರಿನವರು ಹೊರಗೆ ನುಗ್ಗಿದರು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಅಲ್ಲೇ ಬಿದ್ದ. ಎಲಿಯಟ್, ಸ್ಟೀವನ್‌ಸನ್ ಅನ್ನುವ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಅವರನ್ನು ಕೊಲ್ಲಲಿಲ್ಲ. ಆಮೇಲೆ ಬಿಟ್ಟು ಕಳಿಸಿದರು. ಆದರೆ ಕಂಪನಿ ದೊಡ್ಡ ಸೈನ್ಯ ಕೂಡಿಸಿಕೊಂಡು ಡಿಸೆಂಬರ್‌ನಲ್ಲಿ ಮತ್ತೆ ಬಂತು, ಕೋಟೆ ಬಿತ್ತು. ಚೆನ್ನಮ್ಮನನ್ನು ತಂದು ಇಟ್ಟಿದ್ದು ನಮ್ಮ ಬೈಲಹೊಂಗಲದ ಕೋಟೆಯಲ್ಲಿ. 1829ರಲ್ಲಿ ಸೆರೆಯಲ್ಲೇ ಜೀವ ಬಿಟ್ಟಳು. ಹೋರಾಟ ಅಲ್ಲಿಗೆ ನಿಲ್ಲಲಿಲ್ಲ. ಸಂಗೊಳ್ಳಿ ರಾಯಣ್ಣ ಮುಂದುವರಿಸಿದ. ಅವನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು.

ಇನ್ನೊಂದು ಮಾತು. ಪುಟ್ಟಿಗೆ ಒಂದು ಸಲ ಕಿತ್ತೂರು ತೋರಿಸಿ. ಅರಮನೆ ಪೂರ್ತಿ ಬಿದ್ದಿದೆ, ದಪ್ಪ ಗೋಡೆಗಳು ಮಾತ್ರ ನಿಂತಿವೆ. ಒಂದು ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡಲು ಬಿಟ್ಟ ಸಣ್ಣ ಕಿಂಡಿ ಇದೆ. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಎತ್ತಿ ಹಿಡಿದು ಅದರಲ್ಲಿ ಕಣ್ಣಿಡಿಸಿದ್ದರು. ಮಧ್ಯಾಹ್ನ ಅಲ್ವಾ, ರೂಪಾಯಿಯಷ್ಟಗಲ ಬಿಳಿ ಆಕಾಶ ಬಿಟ್ಟರೆ ಏನೂ ಕಾಣಲಿಲ್ಲ. "ಇಲ್ಲಿಂದ ಆಕೆಯೂ ನೋಡಿರಬೇಕು" ಅಂದರು ಅಪ್ಪ. ಆ ತಣ್ಣನೆಯ ಗೋಡೆ ಕೆನ್ನೆಗೆ ತಾಗಿದ್ದು ನನಗೆ ಇವತ್ತಿಗೂ ನೆನಪಿದೆ. ಅವತ್ತಿನಿಂದ ನನಗೆ ಈ ಇಬ್ಬರು ಚೆನ್ನಮ್ಮರು ಒಮ್ಮೆಯೂ ಅದಲು ಬದಲಾಗಿಲ್ಲ.

ವಿಜಯಪುರ ಹುಡುಗ

ಡಾಲ್‌ಹೌಸಿ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ ಮೇಡಂ. ಅದು ತಪ್ಪು. ಡಾಲ್‌ಹೌಸಿ ಹುಟ್ಟಿದ್ದು 1812ರಲ್ಲಿ. ಕಿತ್ತೂರಿನ ಕಾಳಗದ ಹೊತ್ತಿಗೆ ಅವನು 12 ವರ್ಷದ ಹುಡುಗ. ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ದತ್ತು ಮಗನಿಗೆ ಪಟ್ಟದ ಹಕ್ಕಿಲ್ಲ ಅನ್ನುವ ಅವನ ಕಾನೂನಿನಿಂದ ಸತಾರಾ, ಝಾನ್ಸಿ, ನಾಗಪುರ ಎಲ್ಲ ಕಂಪನಿಯ ಪಾಲಾದದ್ದು ಆಮೇಲೆ. 1824ರಲ್ಲಿ ಗವರ್ನರ್ ಜನರಲ್ ಆಗಿದ್ದವನು ಆಮ್‌ಹರ್ಸ್ಟ್. ಆದರೆ ಅದೇ ತಕರಾರನ್ನು ಕಂಪನಿ ಕಿತ್ತೂರಲ್ಲಿ ಆಗಲೇ ತೆಗೆದಿತ್ತು. ಝಾನ್ಸಿ ರಾಣಿಗಿಂತ 30 ವರ್ಷಕ್ಕೂ ಮೊದಲು ಚೆನ್ನಮ್ಮ ಅದನ್ನು ಎದುರಿಸಿದ್ದಳು. ಡಾಲ್‌ಹೌಸಿ ಹೆಸರು ಸೇರಿಸಿದರೆ ಆ ದೊಡ್ಡ ವಿಷಯವೇ ಮುಚ್ಚಿಹೋಗುತ್ತದೆ. ಅದು ನನಗೆ ಬೇಜಾರು.

ಎರಡು ವರ್ಷದಿಂದ ಎಫ್‌ಡಿಎ, ಅಂದರೆ ಸರ್ಕಾರಿ ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಗೆ ಓದುತ್ತಿದ್ದೇನೆ. ಇಂಥವು ಬೇಕಾದಷ್ಟು ಸಿಗುತ್ತವೆ. ಮೊದಲ ಮುಖ್ಯಮಂತ್ರಿ ಯಾರು ಅಂತ ಕೇಳಿದರೆ ಮೂರು ಪುಸ್ತಕದಲ್ಲಿ ಮೂರು ಹೆಸರು. 1947ರಲ್ಲಿ ಮೈಸೂರಿಗೆ ಕೆ.ಸಿ. ರೆಡ್ಡಿ. 1956ರಲ್ಲಿ ಏಕೀಕರಣವಾದಾಗ ನಿಜಲಿಂಗಪ್ಪ. 1973ರಲ್ಲಿ ಕರ್ನಾಟಕ ಅಂತ ಹೆಸರಾದಾಗ ದೇವರಾಜ ಅರಸು. ಕಾರ್ಯಪ್ಪನವರ ವಿಷಯದಲ್ಲೂ ಹಾಗೇ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ದಂಡನಾಯಕರಾದವರು ಅವರು. ಆದರೆ ಮೊದಲ ಫೀಲ್ಡ್ ಮಾರ್ಷಲ್ ಮಾಣೆಕ್ ಶಾ, 1973ರಲ್ಲಿ. ಕಾರ್ಯಪ್ಪನವರಿಗೆ ಆ ಪದವಿ ಸಿಕ್ಕಿದ್ದು 1986ರಲ್ಲಿ. ತಂಗಿಗೆ ಹೇಳಿ, ಹೆಸರಿನ ಪಕ್ಕ ಇಸವಿ ಬರೆದಿಟ್ಟುಕೊಳ್ಳಲಿ. ನಾನು ಗೋಡೆಗೆ ಅಂಟಿಸಿಕೊಂಡಿದ್ದೇನೆ.

ದಾವಣಗೆರೆ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಮೇಷ್ಟ್ರು ಬರೆದದ್ದನ್ನು ಎರಡು ಸಲ ಓದಿಸಿಕೊಂಡಳು. ಆಮೇಲೆ ನೋಟ್‌ಬುಕ್ಕಲ್ಲಿ ಒಂದು ಗೆರೆ ಎಳೆದು ಈ ಕಡೆ 1689, ಆ ಕಡೆ 1824 ಅಂತ ಬರೆದಿದ್ದಾಳೆ. ಅದನ್ನು ಹಿಡಿದುಕೊಂಡು ಸೋಮವಾರ ತಾನೇ ಟೀಚರ ಹತ್ತಿರ ಹೋಗುತ್ತಾಳಂತೆ, ನಾನು ಬರೋದು ಬೇಡವಂತೆ. ಆ ಕಿಂಡಿ ನೋಡಲೇಬೇಕು ಅಂತ ಒಂದೇ ಹಟ. ನಮಗೆ ಯಾವ ದಾರಿ ಹತ್ತಿರ?

ಬೈಲಹೊಂಗಲದ ಮಗಳು

ಹುಬ್ಬಳ್ಳಿಗೆ ಬಂದು, ಧಾರವಾಡದ ಮೇಲೆ ಬೆಳಗಾವಿಗೆ ಹೋಗುವ ಬಸ್ಸು ಹತ್ತಿ ಅಕ್ಕಾ. ಕಿತ್ತೂರಲ್ಲಿ ನಿಲ್ಲಿಸ್ತಾರಾ ಅಂತ ಕೇಳಿ ಹತ್ತಿ. ಅಕ್ಟೋಬರ್ 23ಕ್ಕೆ ಉತ್ಸವ ಶುರುವಾಗುತ್ತದೆ, ಆಗ ಬಂದರೆ ಇನ್ನೂ ಚೆಂದ. ಆದರೆ ಜನ ಜಾಸ್ತಿ, ಪುಟ್ಟಿ ಕೈ ಬಿಡಬೇಡಿ.